ವೃಷಭಾವತಿಯ ಕೆಳಗಣ ಮೀನು

ಬೆಂಗಳೂರು ನಗರವು ಒಂದು ಉದ್ದನೆಯ ದಿಣ್ಣೆಯ ಮೇಲೆ ನೆಲಸಿದೆ. ಈ ದಿಣ್ಣೆಯ ಮೂಡಣ ಮಗ್ಗುಲಿಗೆ ಬಿದ್ದ ಮಳೆಯು ದಕ್ಷಿಣ ಪಿನಾಕಿನಿಯ ಪಾಲಾದರೆ, ಪಡುವಣ ಮಗ್ಗುಲಿಗೆ, ಎಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ತಾರಸಿಗಳ ಮೇಲೂ ಬೀದಿಗಳ ಮೇಲೂ ಬಿದ್ದದ್ದು ಇಳಿಜಾರನ್ನು ಹಿಡಿದು ವೃಷಭಾವತಿಯನ್ನು ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬಿರುವ, ಮಲ್ಲೇಶ್ವರದ ಕಡೆಯಿಂದ ಮತ್ತೊಂದು ಕವಲನ್ನು ಕೂಡಿಸಿಕೊಳ್ಳುವ ಈ ಹೊಳೆಯು, ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿಯ ಗುಡಿಯ ಬದಿಯಲ್ಲಿ ಹಾದು, ನಾಯಂಡಹಳ್ಳಿಯನ್ನೂ ಕೆಂಗೇರಿಯನ್ನೂ ದಾಟಿ, ಬೈರಮಂಗಲದ ಜಲಾಶಯದವರೆಗೆ ಹರಿದು, ಮುಂದೆ ಅರ್ಕಾವತಿಯನ್ನು ಕೂಡಿ, ಆ ಅರ್ಕಾವತಿಯೊಡನೆ ಕನಕಪುರದಿಂದಾಚೆಯ ಸಂಗಮದಲ್ಲಿ ಕಾವೇರಿಗೆ ಇಳಿಯುತ್ತದೆ. ಪಡುವಣ ಬೆಂಗಳೂರಿನ ಒಂದು ಮನೆಯ ಬಚ್ಚಲಿಗೂ ಕಾವೇರಿಯ ಒಂದು ಮೀನಿನ ಕಿವಿರಿಗೂ ನಡುವೆ ಈ ದಾರಿಯು ಎಡೆಬಿಡದೆ ತೆರೆದಿದೆ.

ನಮ್ಮ ಕಾಲವು ಇದಕ್ಕೆ ಒಂದು ಸುತ್ತನ್ನು ಕೂಡಿಸಿದೆ. 1974ರಿಂದ ಈಚೆಗೆ ಬೆಂಗಳೂರಿನ ನಲ್ಲಿಗಳಿಗೆ ಬರುತ್ತಿರುವ ಕಾವೇರಿಯ ನೀರನ್ನು ಶಿವನಸಮುದ್ರದ ಬಳಿಯ ಅಣೆಕಟ್ಟೆಯಿಂದ ಎತ್ತಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ಸುಮಾರು 100 ಕಿಲೋಮೀಟರು ದೂರಕ್ಕೆ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ, ಯಂತ್ರಬಲದಿಂದ ನೂಕಿ ತರಲಾಗುತ್ತದೆ. ಆ ನೀರಿನಲ್ಲಿ ನಗರದ ಪಡುವಣ ಭಾಗವು ಬಳಸಿ ಬಿಟ್ಟದ್ದು ವೃಷಭಾವತಿಯ ಮಾರ್ಗವಾಗಿ ಮರಳಿ ಕಾವೇರಿಯನ್ನೇ ಸೇರುವುದಾದರೂ, ಹೊರಟ ಸ್ಥಳಕ್ಕೆ ಅದು ಹಿಂದಿರುಗುವುದಿಲ್ಲ. ಶಿವನಸಮುದ್ರದ ಮೇಲುಗಡೆ ತೆಗೆದುಕೊಂಡದ್ದನ್ನು ನಾವು ಸಂಗಮದಲ್ಲಿ, ಬಹು ಕೆಳಗೆ, ಬೇರೆಯೇ ಗುಣದ ದ್ರವವನ್ನಾಗಿ ಮಾಡಿ ಒಪ್ಪಿಸುತ್ತೇವೆ. ಶಿವನಸಮುದ್ರದ ಜಲಪಾತದಿಂದ ಸಂಗಮ, ಮೇಕೆದಾಟುಗಳನ್ನು ಹಾದು ಹೊಗೇನಕಲ್ಲಿನ ಕಡೆಗೆ ಸಾಗುವ ಈ ಬಂಡೆಗಲ್ಲಿನ ಕಾವೇರಿಯೇ ಭರತಖಂಡದ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲೊಂದಾದ ಡುಬ್ಬದ ಮಹಶೀರಿನ ತವರು. ಮೀನುಗಾರಿಕೆಯ ನಿರ್ಬಂಧಗಳನ್ನು ಕುರಿತ ಈ ಅಧ್ಯಾಯಕ್ಕೆ ಆ ಮೀನನ್ನು ನಾನು ಆರಿಸಿಕೊಂಡದ್ದು, ನಿರ್ಬಂಧವೆಂಬುದು ಎಷ್ಟನ್ನು ಮಾಡಬಲ್ಲುದು, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಎರಡನ್ನೂ ಅದರ ಕಥೆಯೊಂದರಲ್ಲೇ ಕಾಣಬಹುದಾದ್ದರಿಂದ.

ಮೀನನ್ನು ಹಿಡಿಯದೆ ಬಿಡಬೇಕಾದ ದಿನಗಳಿವೆ ಎಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಹೊಸದಲ್ಲ. ಅಶೋಕ ಚಕ್ರವರ್ತಿಯು ಪಟ್ಟಾಭಿಷಿಕ್ತನಾದ 26 ವರ್ಷಗಳ ತರುವಾಯ ಬರೆಯಿಸಿದ ಐದನೆಯ ಸ್ತಂಭಶಾಸನವು, ಕೊಲ್ಲಬಾರದ ಪ್ರಾಣಿಗಳನ್ನು ಎಣಿಸುವುದರ ಜೊತೆಗೆ, ಗೊತ್ತಾದ ಹುಣ್ಣಿಮೆಗಳಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಕೂಡದು ಎಂದು ವಿಧಿಸುತ್ತದೆ. ಹಿಡಿಯುವ ಕಲೆಯ ಕಡೆಗೆ ನೋಡಿದರೆ, ನಮ್ಮ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಮೀನುಗಳ ಬಗೆ, ಅವುಗಳಿಗೆ ಹಾಕತಕ್ಕ ಆಹಾರ, ಗಾಳದ ಕ್ರಮ ಇವೆಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ಇನ್ನು ಶೃಂಗೇರಿಯ ತುಂಗಾ ತೀರದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ, ದೇವಾಲಯದ ಮೆಟ್ಟಿಲ ಬಳಿಯ ಮಡುವಿನಲ್ಲಿ ವಾಸಿಸುವ ಮೀನನ್ನು ದೇವರ ಮೀನೆಂದು ಬಗೆದು ಮುಟ್ಟದೆ ಕಾಪಾಡಿಕೊಂಡು ಬಂದದ್ದಂತೂ ಜೀವವಿಜ್ಞಾನಿಗಳು ಇಂದು ಅಭಯಸ್ಥಳವೆಂದು ಕರೆಯುವ ವ್ಯವಸ್ಥೆಯೇ ಆಗಿದೆ. ಹೊಳೆಯ ಉದ್ದಕ್ಕೂ ಬಲೆ ಬೀಸುತ್ತಿದ್ದರೂ, ನಡುವೆ ಇಂಥ ಒಂದು ಮಡುವಿನಲ್ಲಿ ವಯಸ್ಸಾದ, ದೊಡ್ಡ ಗಾತ್ರದ ಮೀನುಗಳು ಉಳಿದುಕೊಂಡರೆ, ಅವುಗಳ ಸಂತಾನವು ಪ್ರವಾಹದೊಡನೆ ಹೊರಗೆ ಹರಡಿ ಉಳಿದ ಭಾಗವನ್ನು ತುಂಬುವ ಸಂಭವವಿರುತ್ತದೆ.

ದೊಡ್ಡ ಮೀನಿಗೆ ಇಷ್ಟು ಮಹತ್ತ್ವ ಯಾತಕ್ಕೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮೀನು ಸಾಯುವವರೆಗೂ ಬೆಳೆಯುವ ಪ್ರಾಣಿ. ಹೆಣ್ಣು ಮೀನಿನ ಮೈ ಬೆಳೆದಂತೆಲ್ಲ ಅದರ ಅಂಡಕೋಶವೂ ಬೆಳೆದು, ಒಂದು ದೊಡ್ಡ ತಾಯಿಯು ಅನೇಕ ಚಿಕ್ಕ ತಾಯಂದಿರಿಗೆ ಸಮನಾಗುತ್ತದೆ. ಆದಕಾರಣ ಹಿಡಿಯುವವನು ಎರಡು ತೆರದಲ್ಲಿ ಕೆಡಿಸಬಹುದು. ಬೆಳೆಯುವ ಮುನ್ನವೇ ಮರಿಗಳನ್ನು ಬಾಚಿಕೊಂಡರೆ, ಮುಂದೆ ದೊರೆಯಬಹುದಾಗಿದ್ದ ತೂಕವು ನಷ್ಟವಾಗುತ್ತದೆ. ಇದು ಮೊದಲ ಬಗೆ. ಮೊಟ್ಟೆಯಿಡಬಲ್ಲ ತಾಯಿಮೀನುಗಳನ್ನೇ ಬಹುವಾಗಿ ತೆಗೆದುಬಿಟ್ಟರೆ, ಬಿತ್ತನೆಯ ಕಾಳನ್ನೇ ಉಂಡ ಒಕ್ಕಲಿನಂತೆ, ಮರುವರ್ಷ ಹುಟ್ಟುವುದೇ ಕಡಮೆಯಾಗುತ್ತದೆ. ಇದು ಎರಡನೆಯದು, ಮೊದಲಿನದಕ್ಕಿಂತ ಘೋರವಾದದ್ದು. ಪ್ರಪಂಚದಲ್ಲಿ ಮೀನುಗಾರಿಕೆಯ ನಿಯಮಗಳೆಂದು ಯಾವುವು ಇವೆಯೋ ಅವು ಬಹುಮಟ್ಟಿಗೆ ಈ ಎರಡು ಕೇಡುಗಳನ್ನು ತಡೆಯಲು ಹುಟ್ಟಿದವು.

ನಮ್ಮ ಕರಾವಳಿಯ ನಿಯಮಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಿಜಯನಗರದ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರಿಗೆ ಜೂನ್, ಜುಲೈಗಳಲ್ಲಿ ಬೂತಾಯಿ, ಬಂಗುಡೆಗಳು ಅಪರೂಪವಾಗಿ ಬೆಲೆ ಏರುವುದು ತಿಳಿದ ಸಂಗತಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂಬ ವಿಧಿಯಿದೆ. ಕರ್ನಾಟಕದಲ್ಲಿ ಇದಕ್ಕೆ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಶಾಸನವು ಆಧಾರ. ನೈರುತ್ಯ ಮಾರುತವು ಬೀಸುವ ಈ ಕಾಲದಲ್ಲಿ ಆಳದ ತಣ್ಣೀರು ಲವಣಾಂಶಗಳನ್ನು ಹೊತ್ತು ಮೇಲಕ್ಕೆ ಬರುತ್ತದೆ. ಆ ಲವಣಗಳಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳ ಆಸರೆಯಲ್ಲಿ ಬೂತಾಯಿಯು ಮೊಟ್ಟೆಯಿಟ್ಟು ಮರಿಗಳನ್ನು ಬೆಳೆಸಿಕೊಳ್ಳುತ್ತದೆ. ಶಾಸನ ಬರುವುದಕ್ಕೆ ಬಹು ಹಿಂದಿನಿಂದ ನಮ್ಮ ಮೊಗವೀರರು ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು, ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ಆಮೇಲೆ ಕಡಲಿಗಿಳಿಯುತ್ತಿದ್ದುದು ಇದೇ ಋತುಧರ್ಮವನ್ನು ಅನುಸರಿಸಿದ ನಡೆ.

ಕಾಲದ ನಿಯಮದ ಜೊತೆಗೆ ಬಲೆಯ ಕಣ್ಣಿನ ನಿಯಮವೂ ಉಂಟು. ಟ್ರಾಲ್ ಬಲೆಯ ಕೊನೆಯ ಚೀಲದ ಕಣ್ಣು 35 ಮಿಲಿಮೀಟರಿಗಿಂತ ಕಿರಿದಾಗಬಾರದು, ಅದು ಚೌಕನಾಗಿರಬೇಕು ಎಂಬುದರಲ್ಲಿ ಸೂಕ್ಷ್ಮವಾದ ವಿಚಾರವಿದೆ: ಓರೆಯಾಗಿ ಹೆಣೆದ ಕಣ್ಣು ದೋಣಿ ಎಳೆಯುತ್ತಲೇ ಬಿಗಿದು ಮುಚ್ಚಿಕೊಳ್ಳುತ್ತದೆ, ಚೌಕದ ಕಣ್ಣು ಎಳೆತದಲ್ಲಿಯೂ ತೆರೆದೇ ಇದ್ದು ಮರಿಗಳು ನುಸುಳಿ ಹೋಗಲು ಎಡೆ ಕೊಡುತ್ತದೆ. ನೆರೆಯ ಕೇರಳವು 2015ರಲ್ಲಿ ಗಾತ್ರದ ನಿಯಮವನ್ನು ತಂದು, 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನೂ ಹಿಡಿಯಬಾರದೆಂದಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಪ್ರಖರವಾದ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ದೋಣಿಗಳು ಜೊತೆಗೂಡಿ ಒಂದೇ ಬಲೆಯನ್ನು ಎಳೆಯುವುದನ್ನೂ ನಿಷೇಧಿಸಿತು. ಇಷ್ಟೆಲ್ಲ ಇದ್ದಾಗ್ಯೂ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ದೊರೆತಿದ್ದ ಬೂತಾಯಿಯು 2021ರಲ್ಲಿ 3,300 ಟನ್ನಿನ ಸಮೀಪಕ್ಕೆ ಕುಸಿಯಿತು. ಇದಕ್ಕೆ ಬಲೆಯೊಂದನ್ನೇ ಹೊಣೆ ಮಾಡುವಂತಿಲ್ಲ. 2015ರ ಎಲ್ ನಿನೋ ಮೊದಲಾದ ಸಾಗರದ ಬದಲಾವಣೆಗಳೂ ಬೂತಾಯಿಯ ಬದುಕನ್ನು ಕದಡಿದವು. ಆದರೆ ಮೊದಲೇ ತೆಳುವಾಗಿದ್ದ ಸಂತತಿಗೆ ಅಂಥ ಏಟನ್ನು ತಾಳುವ ಶಕ್ತಿ ಕಡಮೆ.

ನಿಷೇಧವು ಹೊತ್ತು ಮೀರಿ ಬಂದರೆ ಏನಾಗುತ್ತದೆಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನಿನ ಉದಾಹರಣೆ ಲೋಕವಿದಿತವಾಗಿದೆ. ಶತಮಾನಗಳ ಕಾಲ ಅಕ್ಷಯವೆಂದು ಭಾವಿಸಿದ್ದ ಆ ಸಂತತಿಯು ಕುಸಿದು, 1992ರ ಜುಲೈಯಲ್ಲಿ ಹಿಡಿಯುವುದನ್ನೇ ನಿಲ್ಲಿಸಬೇಕಾಗಿ, ಸಹಸ್ರಾರು ಕುಟುಂಬಗಳ ಜೀವನೋಪಾಯವು ಒಂದೇ ದಿನದಲ್ಲಿ ಕಳೆದುಹೋಯಿತು. ಆ ನಿಲುಗಡೆಯನ್ನು ತೆರವು ಮಾಡಿದ್ದು 2024ರಲ್ಲಿ.

ಇನ್ನು ಒಳನಾಡಿಗೆ ಬರೋಣ. ಕೆಂಗೇರಿ, ಮಲ್ಲತ್ತಹಳ್ಳಿಗಳ ಕೆರೆಗಳಂಥಲ್ಲಿ ಕಡಲಿನ ಲೆಕ್ಕವು ನಡೆಯುವುದಿಲ್ಲ. ನಮ್ಮ ಕೆರೆಗಳಲ್ಲಿ ಗುತ್ತಿಗೆದಾರರು ಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗಾಬಯಲಿನ ಹೊಳೆಗಳವು. ಮುಂಗಾರಿನ ನೆರೆನೀರಿನ ಹರಿವಿಲ್ಲದೆ ಅವು ಮೊಟ್ಟೆಯಿಡವು. ನಿಂತ ನೀರಿನಲ್ಲಿ ಅವುಗಳ ಹೆಣ್ಣು ಮೊಟ್ಟೆ ತುಂಬಿಕೊಂಡೇ ಇದ್ದು, ಕೊನೆಗೆ ಅವನ್ನು ಮೈಯಲ್ಲೇ ಕರಗಿಸಿಕೊಳ್ಳುತ್ತದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇವುಗಳನ್ನು ಮೊಟ್ಟೆಯಿಡುವಂತೆ ಮಾಡಿದ ಮೇಲೆ, ಮರಿಗಳ ಉತ್ಪತ್ತಿಯು ಹೊಳೆಯಿಂದ ತೊಟ್ಟಿಗೆ ಬಂತು. ಬಿತ್ತನೆ ಮರಿಯನ್ನು ಕೊಂಡು ತಂದು ಬಿಟ್ಟ ಕೆರೆಯಲ್ಲಿ ಮುಂಗಾರಿನ ನಿಷೇಧದಿಂದ ಕಾಟ್ಲಾಕ್ಕೆ ಹೆಚ್ಚೇನೂ ಉಪಕಾರವಿಲ್ಲ. ಅಂಥ ನಿಷೇಧವು ಉಪಕರಿಸುವುದೇನಿದ್ದರೂ ಕಾಲುವೆಯಲ್ಲಿ ಹತ್ತಿ ಇಳಿದು ತಾವೇ ಸಂತಾನ ಬೆಳೆಸಿಕೊಳ್ಳುವ ನಾಡಿನ ಚಿಕ್ಕ ಮೀನುಗಳಿಗೆ. ಯಾವ ನಿಯಮವಾದರೂ ಯಾವ ಮೀನಿನ ಜೀವನಚಕ್ರದ ಯಾವ ಕೊಂಡಿಯನ್ನು ರಕ್ಷಿಸಬೇಕೆಂದು ಮೊದಲು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿ.

ಈಗ ಕಾವೇರಿಯ ಮಹಶೀರಿಗೆ ಬರುತ್ತೇನೆ. ಗೆಂಡೆಯ ಜಾತಿಗೆ ಸೇರಿದ ಈ ಮೀನಿಗೆ ದೊಡ್ಡ ದೊಡ್ಡ ಹುರುಪೆಗಳು, ದಪ್ಪ ತುಟಿ, ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ಈಜುರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಶೀರಿನ ತೂಕ 120 ಪೌಂಡು, ಎಂದರೆ 54 ಕಿಲೋಗ್ರಾಮು. ಕಾಟ್ಲಾದಂಥ ಮೀನುಗಳು ಮೈತೂಕದ ಕಿಲೋ ಒಂದಕ್ಕೆ ಲಕ್ಷದಷ್ಟು ಮೊಟ್ಟೆಯಿಟ್ಟರೆ, ಮಹಶೀರ್ ಜಾತಿಯವು ಇಡುವುದು ಕೆಲವು ಸಾವಿರ ಮಾತ್ರ. ಅವನ್ನೂ ಹೂಳು ಕಟ್ಟದ ಉರುಟುಗಲ್ಲಿನ ತಳದಲ್ಲಿ, ಸ್ವಚ್ಛವಾಗಿ ಹರಿಯುವ, ಪ್ರಾಣವಾಯು ಸಮೃದ್ಧವಾದ ನೀರಿನಲ್ಲಿ ಇಡಬೇಕು. ನಿಧಾನವಾಗಿ ಬೆಳೆದು ಕಡಮೆ ಮೊಟ್ಟೆಯಿಡುವ ಇಂಥ ಪ್ರಾಣಿಗೆ ತೋಟೆ ಸಿಡಿಸುವುದಕ್ಕಿಂತ ದೊಡ್ಡ ಶತ್ರುವಿಲ್ಲ. ಒಂದು ಮಡುವಿನಲ್ಲಿ ಸಿಡಿದ ಒಂದು ತೋಟೆಯು ತಾಯಿಯನ್ನೂ ಮರಿಯನ್ನೂ, ಬೇಕಾದದ್ದನ್ನೂ ಬೇಡವಾದದ್ದನ್ನೂ ಏಕಕಾಲದಲ್ಲಿ ಮುಗಿಸಿಬಿಡುತ್ತದೆ.

1970ರ ದಶಕದಿಂದ ಕಾವೇರಿಯ ಈ ಭಾಗದಲ್ಲಿ ಒಂದು ವಿಶಿಷ್ಟ ಪ್ರಯೋಗ ನಡೆಯಿತು. ದಕ್ಷಿಣ ಭಾರತದ ವನ್ಯಜೀವಿ ಸಂಘವು ಹೊಳೆಯ ಒಂದಷ್ಟು ಉದ್ದವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳೆದ್ದವು. ದೇಶವಿದೇಶಗಳಿಂದ ಬಂದ ಗಾಳಪ್ರಿಯರು ಹಣ ಕೊಟ್ಟು ಮಹಶೀರನ್ನು ಹಿಡಿದು, ತೂಗಿ, ಬರೆದಿಟ್ಟು, ಜೀವಸಹಿತ ನೀರಿಗೆ ಬಿಡಬೇಕು. ಆ ಹಣದಿಂದ ಕಾವಲು ನಡೆಯಬೇಕು. ಹಿಂದೆ ತೋಟೆ ಹಾಕುತ್ತಿದ್ದ ಕೈಗಳಿಗೇ ಕಾವಲಿನ ಮತ್ತು ದಾರಿತೋರುವ ಕೆಲಸ ದೊರೆಯಬೇಕು: ಇದು ಆ ಏರ್ಪಾಡು. ಮೀನಿಗೆ ಗಾಳದ ನೋವು ಇತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬದುಕಿರುವ ಮೀನಿಗೆ ಬೆಲೆ ಬಂದದ್ದರಿಂದ ಹೊಳೆಗೆ ಕಾವಲುಗಾರರು ದೊರೆತದ್ದು ನಿಜ. ಅದಕ್ಕೂ ಮಿಗಿಲಾಗಿ, ಹಿಡಿದವರು ಬರೆದಿಟ್ಟ ಪುಸ್ತಕಗಳು ವಿಜ್ಞಾನಕ್ಕೆ ಬೇರೆಲ್ಲಿಯೂ ದೊರೆಯದ ಸಾಮಗ್ರಿಯಾದವು.

ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ನಡೆದ ಈ ದಾಖಲೆಯನ್ನು ಸಂಶೋಧಕರು ವಿಶ್ಲೇಷಿಸಿದಾಗ, ಒಟ್ಟು ಮಹಶೀರುಗಳ ಸಂಖ್ಯೆ ಏರುತ್ತಿದ್ದುದು ಕಂಡಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲರೂ ಸಂತೋಷಪಡಬಹುದಾಗಿತ್ತು. ಬಗೆಬಗೆಯಾಗಿ ಬಿಡಿಸಿ ನೋಡಿದಾಗ, ಏರುತ್ತಿದ್ದುದು ನೀಲಿ ಈಜುರೆಕ್ಕೆಯ ಮಹಶೀರು, ಕುಸಿಯುತ್ತಿದ್ದುದು ಡುಬ್ಬದ ಮಹಶೀರು. ನೀಲಿ ರೆಕ್ಕೆಯದು ಕೃಷ್ಣಾ ನದಿಯ ಕಡೆಯ ಮೀನು. ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ 1970ರ ದಶಕದಿಂದ ಅದರ ಮರಿಗಳನ್ನು ಹೇರಳವಾಗಿ ಬೆಳೆಸಿ, ಸಂರಕ್ಷಣೆಯ ಸದುದ್ದೇಶದಿಂದಲೇ ದೇಶದ ಅನೇಕ ಹೊಳೆಗಳಿಗೆ ಬಿಡಲಾಯಿತು. ಬಂದ ಮೀನು ನೆಲೆಯೂರಿತು, ಇದ್ದ ಮೀನು ಹಿಂದೆಗೆಯಿತು. ಇದರಲ್ಲಿ ನಮ್ಮ ಅಜ್ಞಾನದ ಪಾಲೂ ಇದೆ: ಲೋಕವಿಖ್ಯಾತವಾದ ಈ ಡುಬ್ಬದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಿದ್ದ ಟಾರ್ ರೆಮಾದೇವಿ ಎಂಬ ಜಾತಿಯೂ ಇದೂ ಒಂದೇ ಎಂದು ನಿರ್ಣಯವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ್ದನ್ನು ಯಾವ ಶಾಸನವು ತಾನೇ ರಕ್ಷಿಸೀತು!

ಅಷ್ಟರಲ್ಲಿ ಗಾಳದ ಶಿಬಿರಗಳು ನಿಂತುಹೋಗಿದ್ದವು. ಹೊಳೆಯ ಈ ಭಾಗವು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಗಿದ್ದು, 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಅರ್ಥದಲ್ಲಿ ಅಭಯಾರಣ್ಯದೊಳಗೆ ಹಿಡಿದು ಬಿಡುವುದೂ ಬೇಟೆಯೇ ಎಂಬ ನಿಲುವು ಸ್ಥಿರಪಟ್ಟು, 2012ರ ಹೊತ್ತಿಗೆ ಅದಕ್ಕೆ ತೆರೆ ಬಿತ್ತು. ಶಾಸನದ ಅಕ್ಷರವನ್ನು ನೋಡಿದರೆ ಈ ನಿಲುವಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅಭಯಾರಣ್ಯವೆಂದ ಮೇಲೆ ಅಲ್ಲಿ ಪ್ರಾಣಿಗೆ ಅಭಯವಿರಬೇಕು. ಆದೊಡೆ ಗಾಳ ಹೋದುದರೊಡನೆ ಹೊಳೆಯ ದಡದ ಕಣ್ಣುಗಳೂ ಹೋದವು, ವರ್ಷವರ್ಷವೂ ತೂಗಿ ಬರೆಯುತ್ತಿದ್ದ ಲೆಕ್ಕವೂ ನಿಂತಿತು; ಅದಕ್ಕೆ ಬದಲಾಗಿ ಸರ್ಕಾರವೇ ನಡೆಸಬೇಕಾಗಿದ್ದ ಎಣಿಕೆಯನ್ನು ಆ ನಿಷೇಧದೊಡನೆಯೇ ವಿಧಿಸಬೇಕಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊಲ್ಲುವವನನ್ನೂ ಎಣಿಸುವವನನ್ನೂ ಒಂದೇ ಬಾಗಿಲಿನಿಂದ ಹೊರಗೆ ಕಳುಹಿಸಿದ ಮೇಲೆ, ಒಳಗೆ ಉಳಿದ ಮೀನಿನ ಕ್ಷೇಮವನ್ನು ಹೇಳುವವರಾರು?

ವೃಷಭಾವತಿಯು ಈ ಕಥೆಯನ್ನು ಪ್ರವೇಶಿಸುವುದು ಇಲ್ಲಿ. 1897ರ ಭಾರತೀಯ ಮೀನುಗಾರಿಕೆ ಶಾಸನವು, ನಮ್ಮ ದೇಶದ ಈ ಬಗೆಯ ಹಳೆಯ ಕಾನೂನು, ನೀರಿನಲ್ಲಿ ಸಿಡಿಮದ್ದು ಹಾಕುವುದನ್ನೂ ವಿಷ, ಸುಣ್ಣ ಮೊದಲಾದ ಹಾನಿಕರ ಪದಾರ್ಥ ಬೆರೆಸುವುದನ್ನೂ ದಂಡನಾರ್ಹವೆಂದಿತು. ಆದರೆ ಅದರ ಮಾತಿನಲ್ಲಿ ಒಂದು ನಿಬಂಧನೆಯಿದೆ: ಮೀನನ್ನು ಹಿಡಿಯುವ ಅಥವಾ ನಾಶಮಾಡುವ ಉದ್ದೇಶದಿಂದ ಬೆರೆಸಿದ್ದಾಗಿರಬೇಕು. 1996ರಲ್ಲಿ ಶಿಶಿಲದ ಮಡುವಿಗೆ ದುರುಳರು ವಿಷ ಹಾಕಿ ಸಹಸ್ರಾರು ದೇವರ ಮೀನುಗಳನ್ನು ಕೊಂದಾಗ, ಅಲ್ಲಿ ಉದ್ದೇಶವಿತ್ತು, ಅಪರಾಧವಿತ್ತು. ಊರವರು ಸತ್ತ ಮೀನುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಬಸವೇಶ್ವರನಗರದ ಬಚ್ಚಲಿನ ಸಾಬೂನು ನೊರೆಗೆ, ಕಾರ್ಖಾನೆಯ ತೊಳೆನೀರಿಗೆ, ಶುದ್ಧೀಕರಣಕ್ಕೆ ಒಳಪಡದೆ ಮಳೆನೀರ ಕಾಲುವೆಗೆ ನುಸುಳುವ ಕೊಳಚೆಗೆ ಯಾವ ಮೀನಿನ ಮೇಲೆಯೂ ಉದ್ದೇಶವಿಲ್ಲ. ಮೀನಿಗಾದರೋ ಉದ್ದೇಶವಿದ್ದ ವಿಷಕ್ಕೂ ಇಲ್ಲದ ವಿಷಕ್ಕೂ ಭೇದ ತಿಳಿಯದು.

ಕೊಳಚೆಯು ಮೀನನ್ನು ಕೊಲ್ಲುವ ಕ್ರಮವು ಹೆಚ್ಚಾಗಿ ನೇರವಾದ ವಿಷಪ್ರಯೋಗವಲ್ಲ, ಉಸಿರು ಕಟ್ಟಿಸುವುದು. ಬೆರೆತ ಸಾವಯವ ಪದಾರ್ಥವನ್ನು ಜೀರ್ಣಿಸಿಕೊಳ್ಳುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಕೆರೆಯಲ್ಲಾದರೆ ಸಾರಜನಕ, ರಂಜಕಗಳ ಪುಷ್ಟಿಯಿಂದ ಪಾಚಿ ವಿಪರೀತ ಬೆಳೆದು, ಹಗಲು ಆಮ್ಲಜನಕವನ್ನು ಕೊಟ್ಟರೂ ರಾತ್ರಿಯೆಲ್ಲ ತಾನೇ ಉಸಿರಾಡಿ ಅದನ್ನು ಕಬಳಿಸುತ್ತದೆ. ಆದ್ದರಿಂದಲೇ ಮೀನುಗಳು ಬಾಯ್ದೆರೆದು ಮೇಲಕ್ಕೆ ಬರುವುದೂ ರಾಶಿರಾಶಿಯಾಗಿ ಸಾಯುವುದೂ ಬಹುತೇಕ ಬೆಳಗಿನ ಜಾವದಲ್ಲಿ. ಕೊಳಚೆಯ ಅಮೋನಿಯಾವೂ ಇದಕ್ಕೆ ಸೇರುತ್ತದೆ. ನೀರು ಕ್ಷಾರವಾದಷ್ಟೂ ಅದರ ವಿಷ ಏರುತ್ತದೆ. ಇಂಥ ನೀರಿನಲ್ಲಿ ಉಳಿಯುವುದು ಜಿಲೇಬಿ ಎಂದು ಕರೆಯುವ ತಿಲಾಪಿಯಾದಂಥ ಸಹಿಷ್ಣು ಮೀನು, ಅಥವಾ ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್. ಈ ಎರಡನೆಯದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧವಾಗಿದ್ದರೂ ಕೆರೆಗಳಲ್ಲಿ ಅದು ಬೇರೂರಿದೆ. ಬಲೆಯ ಮೇಲಿನ ಯಾವ ನಿರ್ಬಂಧವೂ ಇಲ್ಲಿ ಸಹಾಯಕ್ಕೆ ಬಾರದು.

ಹೀಗೆಂದ ಮಾತ್ರಕ್ಕೆ ಕಾನೂನು ಕೈಕಟ್ಟಿ ಕುಳಿತಿದೆಯೆಂದಲ್ಲ. 1974ರ ಜಲಮಾಲಿನ್ಯ ನಿವಾರಣಾ ಶಾಸನವು ಉದ್ದೇಶವನ್ನು ಕೇಳದೆ ಮಾಲಿನ್ಯವನ್ನೇ ಹಿಡಿಯುತ್ತದೆ. ಕಾವೇರಿಯ ನೀರು ನಮ್ಮ ನಲ್ಲಿಗೆ ಬಂದದ್ದೂ ಈ ಶಾಸನ ಹುಟ್ಟಿದ್ದೂ ಒಂದೇ ವರ್ಷವೆಂಬುದು ನನಗೆ ಆಗಾಗ ಮನಸ್ಸಿಗೆ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊಳೆಗಳ ನೀರಿಗೆ ಕಟ್ಟಿರುವ ದರ್ಜೆಗಳಲ್ಲಿ ಒಂದು ಮೀನುಗಾರಿಕೆಗೂ ವನ್ಯಜೀವಿಗಳ ಅಭಿವೃದ್ಧಿಗೂ ಯೋಗ್ಯವಾದದ್ದು, ಎಂದರೆ ‘ಡಿ’ ದರ್ಜೆ: ಲೀಟರಿಗೆ ಕರಗಿದ ಆಮ್ಲಜನಕ 4 ಮಿಲಿಗ್ರಾಮಿಗೆ ಕಡಮೆಯಿರಕೂಡದು, ಮುಕ್ತ ಅಮೋನಿಯಾ 1.2 ಮಿಲಿಗ್ರಾಮಿಗೆ ಮೀರಕೂಡದು, ಪಿಎಚ್ ಮಾನವು 6.5ರಿಂದ 8.5ರ ಒಳಗಿರಬೇಕು. ಬೇಸಗೆಯಲ್ಲಿ ಕೆಂಗೇರಿಯ ಸೇತುವೆಯ ಕೆಳಗೆ ಕಪ್ಪಗೆ ನೊರೆಗಟ್ಟಿ ಹರಿಯುವುದನ್ನು ಕಂಡವರಾರೂ ಅದು ಈ ದರ್ಜೆಯದೆಂದು ಹೇಳಲಾರರು. ಅರ್ಕಾವತಿಯ ಮೇಲ್ಭಾಗದ ನೀರು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಕಟ್ಟೆಗಳಲ್ಲಿ ತಡೆಯಲ್ಪಟ್ಟಿರುವುದರಿಂದ, ಒಣ ತಿಂಗಳುಗಳಲ್ಲಿ ಸಂಗಮದ ಕಡೆಗೆ ಹರಿಯುವುದರಲ್ಲಿ ದೊಡ್ಡ ಪಾಲು ನಗರವು ಬಿಟ್ಟ ನೀರೇ.

ಆದುದರಿಂದ ಕಾವೇರಿಯ ಮಹಶೀರನ್ನು ಉಳಿಸುವ ನಿಯಮಾವಳಿಯನ್ನು ಬರೆಯುವ ಅಧಿಕಾರ ನನಗಿದ್ದರೆ, ಗಾಳ, ಬಲೆ, ತೋಟೆಗಳ ಮೇಲಿನ ಈಗಿನ ನಿರ್ಬಂಧಗಳಲ್ಲಿ ಒಂದನ್ನೂ ಸಡಿಲಿಸದೆ ಅವುಗಳೊಡನೆ ಇನ್ನೂ ಮೂರನ್ನು ಸೇರಿಸುತ್ತಿದ್ದೆ. ಬೇರೆ ನದಿಯ ಮಹಶೀರ್ ಮರಿಗಳನ್ನು, ಎಷ್ಟೇ ಸದ್ಭಾವದಿಂದಾದರೂ, ಈ ಹೊಳೆಗೆ ಬಿಡುವುದನ್ನು ಪೂರ್ಣವಾಗಿ ನಿಲ್ಲಿಸಬೇಕು. ಭೀಮೇಶ್ವರಿಯಿಂದ ಮೇಕೆದಾಟಿನವರೆಗಿನ ಮಡುಗಳಲ್ಲಿ, ಹಿಂದಿನ ದಾಖಲೆಯನ್ನು ಮುಂದುವರಿಸುವ ರೀತಿಯಲ್ಲಿ, ಜೀವಶಾಸ್ತ್ರಜ್ಞರೂ ಹಳೆಯ ಕಾವಲುಗಾರರೂ ಜೊತೆಗೂಡಿ ಅರಣ್ಯ ಇಲಾಖೆಯ ಮೇಲ್ವಿಚಾರಣೆಯಲ್ಲಿ ಎರಡು ಬಗೆಯ ಮಹಶೀರನ್ನೂ ವರ್ಷಕ್ಕೊಮ್ಮೆ ಎಣಿಸಬೇಕು. ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲ, ಸಂಗಮ ಈ ನಾಲ್ಕು ಸ್ಥಳಗಳಲ್ಲಿ ಪ್ರತಿದಿನವೂ ಸೂರ್ಯೋದಯಕ್ಕೆ ಮುನ್ನ ಕರಗಿದ ಆಮ್ಲಜನಕವನ್ನು ಅಳೆದು, ನಗರದ ಕನ್ನಡ ಪತ್ರಿಕೆಗಳು ಮಳೆಯ ಪ್ರಮಾಣವನ್ನೂ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನೂ ಅಚ್ಚು ಹಾಕುವ ಅಂಕಣದಲ್ಲೇ, ಅವುಗಳ ಪಕ್ಕದಲ್ಲಿ, ಆ ಅಂಕಿಗಳನ್ನೂ ಪ್ರಕಟಿಸಬೇಕು.